ಹತ್ತು ಗಂಟೆಗೆ ಮಗ್ಗ ನಿಲ್ಲಿಸಿದ ಮುದಕಪ್ಪ

ಬೆಟಗೇರಿಯ ನೇಕಾರ ಓಣಿಯ ಬಾಯಿಯಲ್ಲಿ ಮುದಕಪ್ಪನದೊಂದು ಹತ್ತು ಫೂಟಿನ ಅಂಗಡಿ ಇದೆ. 'ಇಲ್ಲಿ ಸ್ಪೀಕರ್, ಆಂಪ್ಲಿಫೈಯರ್ ರಿಪೇರಿ ಮಾಡಲಾಗುವುದು' ಅಂತ ಬೋರ್ಡು. ಮಾಡಲಾಗುವುದು ಖರೆ, ಯಾವಾಗ ಅಂತ ಬೋರ್ಡಿನಲ್ಲಿ ಬರೆದಿಲ್ಲ. ಗಿರಾಕಿ ಬಂದು ನಿಂತು, ಕೆಮ್ಮಿ, ಕಟ್ಟೆಗೆ ಕೂತು, ಎದ್ದು ಹೋದರೂ ಅವನಿಗೆ ಗೊತ್ತಾಗುವುದಿಲ್ಲ. ಐವತ್ತಮೂರು ವರ್ಷದ ಮನುಷ್ಯ ಕಿವಿಗೆ ಹೆಡ್‌ಫೋನಿನ ಎರಡು ಬಟ್ಟಲು ಕವುಚಿಕೊಂಡು, ಕಣ್ಣು ಮುಚ್ಚಿ, ಒಂದು ಬೆರಳನ್ನು ಗಾಳಿಯಲ್ಲಿ ಕುಟ್ಟುತ್ತ ಕೂತಿರುತ್ತಾನೆ. ನೋಡಿದವರಿಗೆ ಮೈಮೇಲೆ ದೇವರು ಬಂದಂಗೆ ಕಾಣಬೇಕು. ದೇವರು ಬಂದವರಾದರೂ ಒಂದು ತಾಸಿಗೆ ಇಳೀತಾರೆ.

ಅವನ ಹಿಂದಿನ ಗೋಡೆಗೆ, ಉಳಿದವರು ದೇವರ ಫೋಟೋ ಇಡುವ ಜಾಗದಲ್ಲಿ, ಮುನ್ನೂರು ಚಿಲ್ಲರೆ ಕ್ಯಾಸೆಟ್ಟು. ಎಲ್ಲ ನಲವತ್ತು ವರ್ಷದ ಹಿಂದಿನ ವಿದೇಶಿ ಕುಣಿತದ ಹಾಡು. ಡೊಳ್ಳು ಬಾರಿಸುವವನಿಲ್ಲ, ಮಷಿನ್ನೇ ಬಾರಿಸುತ್ತದೆ. ತಂತಿ ಮೀಟುವವನಿಲ್ಲ, ಕರೆಂಟಿನ ಹಾರ್ಮೋನಿಯಮ್ಮು ಒದರುತ್ತದೆ. ಹಾಡುವವನು ಮಾತ್ರ ಮನುಷ್ಯ, ಅವನೂ ಯಾರೋ ಬೈದು ಕಳಿಸಿದ್ದಕ್ಕೆ ಬಂದು ಹಾಡಿದಂಗೆ ಹಾಡುತ್ತಾನೆ. ಇದಕ್ಕೆ 'ನ್ಯೂ ವೇವ್' ಅಂತ ಹೆಸರು, ಹೊಸ ಅಲೆ. ನಲವತ್ತು ವರ್ಷ ಆದಮೇಲೂ ಹೊಸದು ಹ್ಯಾಗಾಯಿತು ಅಂತ ಕೇಳಬಾರದು. ಗದಗಿನ ಹೊಸ ಬಸ್‌ಸ್ಟ್ಯಾಂಡು ಇನ್ನೂ ಹೊಸದೇ ಇಲ್ಲವೇ, ಹಾಗೆ.

ಈ ಹಾಡುಗಳನ್ನು ಮುದಕಪ್ಪ ಬರೇ ಹಚ್ಚುವುದಿಲ್ಲ, ಕೂಡಿಸುತ್ತಾನೆ. ಒಂದರ ಬಾಲ ಮುಗಿಯುವ ಮೊದಲೇ ಇನ್ನೊಂದರ ತಲೆ ಅದರೊಳಗೆ ತೂರಬೇಕು. ಎರಡರ ತಾಳ ಒಂದರ ಮೇಲೊಂದು ಕೂಡಬೇಕು. ಕೇಳುವವನಿಗೆ ಹಾಡು ಯಾವಾಗ ಬದಲಾಯಿತು ಅಂತ ತಿಳಿಯಬಾರದು. ಇದು ಅವನ ಕಸಬು, ಧರ್ಮ, ರೋಗ.

ರೋಗ ಹತ್ತಿಸಿದವನು ಮುಂಡರಗಿಯ ಲಾರಿ ಡ್ರೈವರ್ ಉಡಚಪ್ಪ. ಬಳ್ಳಾರಿ ಕಡೆಯ ಅದಿರು ಹೇರಿಕೊಂಡು ಗೋವಾಕ್ಕೆ ಹೋಗುತ್ತಿದ್ದವನು, ಅಲ್ಲಿ ಸಮುದ್ರದ ದಂಡೆಗೆ ಬಿದ್ದಿದ್ದ ಫಾರಿನ್ ಹುಡುಗರಿಗೆ ಜೋಳದ ರೊಟ್ಟಿ, ಕೆಂಪು ಚಟ್ನಿ ತಿನ್ನಿಸಿ, ಅವರು ಖಾರ ಹತ್ತಿ ಕುಣಿಯುವಾಗ ಕ್ಯಾಸೆಟ್ಟು ಇಸಗೊಂಡು ಬರುತ್ತಿದ್ದ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕ್ಯಾಸೆಟ್ ತುಂಬುವ ಅಂಗಡಿಗೆ ಸೇರಿದ್ದ ಮುದಕಪ್ಪನ ಕೈಗೆ ಅವು ಬಿದ್ದವು. ಅಲ್ಲಿಗೆ ಅವನ ಬಾಳೇವು ಬರೋಬ್ಬರಿ ಆಯಿತು.

ಆವತ್ತಿನಿಂದ ಊರಿಗೆ ಕೇಳಿಸಲು ನೋಡುತ್ತಲೇ ಇದ್ದಾನೆ. ಲಕ್ಷ್ಮೇಶ್ವರದ ಮದುಮಗನೊಬ್ಬನಿಗೆ ಒಂದು ಸಲ ಹನ್ನೆರಡು ಹಾಡು ಕೂಡಿಸಿ, ನಡುವೆ ಕೂದಲೆಳೆಯಷ್ಟೂ ಸಂದು ಬಿಡದೆ ತುಂಬಿ ಕೊಟ್ಟ. ಮರುದಿನ ಮದುಮಗ ತಿರುಗಿ ಬಂದ. "ಹನ್ನೆರಡು ಹಾಡು ಬರದ ಕೊಟ್ಟಿದ್ನೆಲ್ಲೋ ಮಾರಾಯ, ನೀ ಒಂದ ಹಾಡು ತುಂಬಿ ಕೊಟ್ಟಿ. ಉಳಿದ ಹನ್ನೊಂದು ಎಲ್ಲಿ ಹ್ವಾದ್ವು?" ಅಂದ. ಶಿರಹಟ್ಟಿಯ ಮದುವೆಯೊಂದರಲ್ಲಿ ಊಟದ ಹೊತ್ತಿಗೆ ಹಚ್ಚಿದ್ದ. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು, "ಜನರೇಟರ್ ಯಾಕೋ ಕೆಟ್ಟ ಸಪ್ಪಳ ಮಾಡಾಕತ್ತೈತಿ, ಆರಸ್ರಪ್ಪಾ" ಅಂದರು. ಯಾರೋ ಹೋಗಿ ಜನರೇಟರ್ ಆರಿಸಿದರು. ಲೈಟು ಹೋಯಿತು, ಫ್ಯಾನು ಹೋಯಿತು, ಹಾಡೂ ಹೋಯಿತು. "ನೋಡ್ರಿ, ನಿಂತತಿಲ್ಲೊ" ಅಂತ ಹಿರಿಯರು ಕತ್ತಲಲ್ಲೇ ಹೋಳಿಗೆಗೆ ತುಪ್ಪ ಸುರುವಿಕೊಂಡರು.

ಹಿಂಗೆ ಮೂವತ್ತು ವರ್ಷ ಹೋಯಿತು. ಕ್ಯಾಸೆಟ್ ಸತ್ತವು, ಲ್ಯಾಪ್‌ಟಾಪ್ ಬಂತು, ಎರಡು ಗಾಲಿಯ ಡಿಜೆ ಮಷಿನ್ ಬಂತು. ಆಸೆ ಮಾತ್ರ ಹಳೇದೇ ಉಳಿಯಿತು: ತನ್ನೂರ ಮಂದಿ ಬರೋಬ್ಬರಿ ಅರ್ಧ ತಾಸು, ಎದ್ದು ಹೋಗದೆ, ತಾನು ಕೂಡಿಸಿದ್ದನ್ನು ಕೇಳಬೇಕು.

ಆ ಅರ್ಧ ತಾಸು ಕೊನೆಗೆ ಸಿಕ್ಕಿತು. ಗದಗಿನಲ್ಲಿ ಟ್ರಸ್ಟಿನವರೊಬ್ಬರು ನಡೆಸುವ ಸಣ್ಣದೊಂದು ಸಮುದಾಯ ರೇಡಿಯೋ ಇದೆ. ಕುರ್ತಕೋಟಿ ದಾಟಿದರೆ ಕೇಳುವುದಿಲ್ಲ, ಗಾಳಿ ಜೋರಿದ್ದರೆ ಮಲ್ಲಸಮುದ್ರಕ್ಕೂ ಕೇಳುವುದಿಲ್ಲ. ಅವರ ಮಷಿನ್ ಕೆಟ್ಟಾಗ ಮುದಕಪ್ಪ ಹೋಗಿ ರಿಪೇರಿ ಮಾಡಿದ. ಕೂಲಿ ಬೇಡ, ಅರ್ಧ ತಾಸು ಕೊಡ್ರಿ ಅಂದ. ಅಲ್ಲಿಯ ಮ್ಯಾನೇಜರ್ ಸುನಿತಾ, ವಯಸ್ಸಿನಲ್ಲಿ ಅವನ ಮಗಳಂಥವಳು, ವ್ಯವಹಾರದಲ್ಲಿ ಅವನ ಅಜ್ಜಿಯಂಥವಳು.

"ನಾಕು ಶನಿವಾರ ನೋಡೂಣ್ರಿ ಕಾಕಾರ. ಮುಂಜಾನೆ ಹತ್ತರಿಂದ ಹತ್ತೂವರಿ. ನಾಕೂ ವಾರ ಕೂಡಿ ಇಪ್ಪತ್ತು ಫೋನ್ ಬಂದ್ರ ಕಾರ್ಯಕ್ರಮ ಕಾಯಂ. ಇಲ್ಲಂದ್ರ ಆ ಹೊತ್ತಿಗೆ ಮನಿಮದ್ದು ಮರುಪ್ರಸಾರ ಹಾಕ್ತೀನಿ."

"ಮನಿಮದ್ದು ದಿನಾ ಎರಡು ಸಲ ಬರತೈತಲ್ರಿ ಮೇಡಂ. ಅಷ್ಟು ರೋಗ ಯಾರಿಗೈತ್ರಿ?"

"ಅದಕ್ಕ ಫೋನ್ ಬರತಾವ್ರಿ" ಅಂದಳು ಸುನಿತಾ.

'ಶನಿವಾರದ ತಾಳ' ಅಂತ ಮುದಕಪ್ಪ ಹೆಸರಿಟ್ಟ. ರೇಡಿಯೋದವರು ಪಟ್ಟಿಯಲ್ಲಿ 'ವಿದೇಶಿ ಸಂಗೀತ: ಒಂದು ಮಾಹಿತಿ' ಅಂತ ಅಚ್ಚು ಹಾಕಿಸಿದರು. ಮಾಹಿತಿ ಅನ್ನುವ ಶಬ್ದ ಇಲ್ಲದಿದ್ದರೆ ಟ್ರಸ್ಟಿನವರಿಗೆ ನಿದ್ದೆ ಬರುವುದಿಲ್ಲವಂತೆ.

ಮೊದಲ ಶನಿವಾರ ಮೂರು ಫೋನು ಬಂದವು. ಒಬ್ಬನಿಗೆ ಉಳ್ಳಾಗಡ್ಡಿ ರೇಟು ಬೇಕಿತ್ತು. ಒಬ್ಬ ಅಂತೂರ ಬೆಂತೂರ ಬಸ್ಸು ಎಷ್ಟಕ್ಕೆ ಅಂತ ಕೇಳಿದ. ಇನ್ನೊಬ್ಬ ಮಲ್ಲಸಮುದ್ರದವನು, "ನಿಮ್ಮ ರೇಡಿಯೋ ಒಂದ ಸಮನ ಬಡಕೊಳ್ಳಾಕತ್ತೈತಿ, ಯಾರರ ನೋಡ್ರಿ" ಅಂದ. ಸುನಿತಾ ಮೂರನ್ನೂ ಬರೆದುಕೊಂಡಳು.

ಅದೇ ಹೊತ್ತಿಗೆ ಓಣಿಯಲ್ಲಿ ಏನು ನಡೆದಿತ್ತು ಅನ್ನುವುದು ರೇಡಿಯೋ ಆಫೀಸಿನಲ್ಲಿ ಕೂತಿದ್ದ ಮುದಕಪ್ಪನಿಗೆ ಗೊತ್ತಿರಲಿಲ್ಲ.

ಓಣಿಯ ಮನೆಮನೆಯಲ್ಲೂ ಎರಡೋ ನಾಲ್ಕೋ ಕರೆಂಟಿನ ಮಗ್ಗ. ಶನಿವಾರ ಒಂಬತ್ತೂವರೆಗೆ ರೇಡಿಯೋದಲ್ಲಿ ನೇಕಾರರ ಕಾರ್ಯಕ್ರಮ ಬರುತ್ತದೆ, ನೂಲಿನ ಧಾರಣೆ ಹೇಳುತ್ತಾರೆ. ಅದಕ್ಕೆ ಎಲ್ಲರೂ ಮೊಬೈಲನ್ನು ದೊಡ್ಡ ಸ್ಪೀಕರ್ ಡಬ್ಬಿಗೆ ಸಿಗಿಸಿ ಜೋರಾಗಿ ಹಚ್ಚುತ್ತಾರೆ. ಕಾರ್ಯಕ್ರಮ ಮುಗಿದರೂ ಆರಿಸುವವರಿಲ್ಲ, ಕೈ ಮಗ್ಗದ ಮೇಲಿರುತ್ತದೆ. ಹತ್ತಕ್ಕೆ ಮುದಕಪ್ಪ ಶುರುವಾದ. ಮಗ್ಗದ ಗದ್ದಲದಲ್ಲಿ ಹಾಡು ಮುಳುಗಿತು, ಹಾರ್ಮೋನಿಯಮ್ಮು ಮುಳುಗಿತು, ಮಷಿನ್ ಡೊಳ್ಳಿನ ಧಬ್ ಧಬ್ ಒಂದೇ ಮೇಲೆ ಉಳಿಯಿತು. ಮಗ್ಗ ನಿಮಿಷಕ್ಕೆ ನೂರಾ ಹದಿನೈದು, ನೂರಾ ಇಪ್ಪತ್ತು ಸಲ ಹೊಡೆಯುತ್ತದೆ. ಮುದಕಪ್ಪನ ಹಾಡೂ ಅಷ್ಟೇ ಹೊಡೆಯುತ್ತವೆ, ಆದರೆ ಬರೋಬ್ಬರಿ ಅಷ್ಟೇ ಅಲ್ಲ. ಒಂದು ಕ್ಷಣ ಎರಡೂ ಕೂಡುತ್ತವೆ, ಮತ್ತೊಂದು ಕ್ಷಣ ಜಾರುತ್ತವೆ, ಕೇಳಿದವರಿಗೆ ಮಗ್ಗವೇ ತಪ್ಪಿ ಹೊಡೆದಂಗೆ.

ನೇಕಾರ ಮಗ್ಗವನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತಾನೆ. ಹತ್ತು ಮಗ್ಗದ ನಡುವೆ ತನ್ನ ಮಗ್ಗದ ಒಂದು ನಟ್ಟು ಸಡಿಲಾದರೆ ಎದ್ದು ಕೂಡುತ್ತಾನೆ. ನಾಲ್ಕು ಮಗ್ಗದ ಮಾಲಕ ಸಿದ್ದಾರೂಢ ಮೊದಲು ಎದ್ದ. ಲಾಳಿ ಹೊಡೆಯುವ ಕೋಲು ಹೋತು ಅಂತ ಮಗ್ಗ ನಿಲ್ಲಿಸಿದ. ಒಂದನ್ನು ನಿಲ್ಲಿಸಿದರೆ ಉಳಿದ ಮೂರರಲ್ಲೂ ಅದೇ ಸಪ್ಪಳ. ನಾಲ್ಕನ್ನೂ ನಿಲ್ಲಿಸಿದ್ದೇ ಹೊರಗೆ ಬಂದು, ಓಣಿಯ ಉಳಿದ ಮಗ್ಗಗಳ ಗದ್ದಲದಲ್ಲೇ ಫಿಟ್ಟರ್ ಖಾಸಿಂಸಾಬನಿಗೆ ಫೋನ್ ಹಚ್ಚಿದ. ಆಜೂಬಾಜೂದವರು ಆಗಲೇ ಹಚ್ಚಿದ್ದರು.

ಖಾಸಿಂಸಾಬ ಅರವತ್ತೈದರ ಮನುಷ್ಯ, ನಲವತ್ತು ವರ್ಷದಿಂದ ಮಗ್ಗದ ಹೊಟ್ಟೆ ಬಿಚ್ಚಿ ಕಟ್ಟಿದವನು. ನಟ್ಟು ತಿರುಗಿಸುವ ಪಾನಾದ ಚೀಲ ಹೆಗಲಿಗೆ ಹಾಕಿಕೊಂಡು ಸೈಕಲ್ ಮೇಲೆ ಬರುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಮಗ್ಗ ಚಾಲೂ ಮಾಡಿಸಿದ, ಅದರ ಎದೆಗೆ ಕೈಯಿಟ್ಟು ನಿಂತ. "ಏನೂ ಆಗಿಲ್ಲಪ. ನಿನಗಿಂತ ಗಟ್ಟಿ ಐತಿ" ಅಂದು ಹೋದ.

ಎರಡನೇ ಶನಿವಾರವೂ ಅದೇ ಕತೆ. ಒಂಬತ್ತು ಮನೆ, ಹದಿನಾಲ್ಕು ಮಗ್ಗ ನಿಂತವು. ಖಾಸಿಂಸಾಬ ಬಂದರೆ ಮತ್ತೆ ಎಲ್ಲ ಆರಾಮ. ರೇಡಿಯೋಕ್ಕೆ ಬಂದಿದ್ದು ಎರಡೇ ಫೋನು, ಎರಡೂ ಉಳ್ಳಾಗಡ್ಡಿಯವು.

ಇಂಥಾದ್ದಕ್ಕೆ ಕಾರಣ ಹುಡುಕಲು ಬುದ್ಧಿ ಬೇಕು. ಅದು ಸಿದ್ದಾರೂಢನ ಹತ್ತಿರ ಬೇಕಾದಷ್ಟಿತ್ತು. "ವಾರ ಯಾವುದು? ಶನಿವಾರ. ಹೊತ್ತು ಯಾವುದು? ಹತ್ತರಿಂದ ಹತ್ತೂವರಿ. ಅರ್ಧ ತಾಸಿಗೆ ಬಿಟ್ಟು ಹೋಗತೈತಿ. ಇದು ನಟ್ಟು ಬೋಲ್ಟಿನ ಕೆಲಸಲ್ಲೋ, ಶನಿದೇವರ ಕಣ್ಣು" ಅಂತ ಕಟ್ಟೆಯ ಮೇಲೆ ಹೇಳಿದ. ಓಣಿ ಒಪ್ಪಿತು. ಶನಿಮಹಾತ್ಮನಿಗೆ ಬೆಟಗೇರಿಯ ಮಗ್ಗ ಬಿಟ್ಟರೆ ಬೇರೆ ಕೆಲಸ ಇರುವಂತೆ ಯಾರಿಗೂ ತೋರಲಿಲ್ಲ. ಮುಂದಿನ ಶನಿವಾರ ಹತ್ತಕ್ಕೆ ಸರಿಯಾಗಿ ಓಣಿಯ ಎಲ್ಲ ಮಗ್ಗ ನಿಲ್ಲಿಸುವುದು, ಗಂಡಸರೆಲ್ಲ ಎಕ್ಕಿ ಎಲೆಯ ಹಾರ, ಎಣ್ಣೆ ಹಿಡಕೊಂಡು ಮಾರುತಿ ಗುಡಿಗೆ ಹೋಗುವುದು, ಹತ್ತೂವರೆಗೆ ಬಂದು ಚಾಲೂ ಮಾಡುವುದು ಅಂತ ಠರಾವಾಯಿತು.

ಮೂರನೇ ಶನಿವಾರ ಹತ್ತು ಹೊಡೆಯಿತು. ಮಗ್ಗ ನಿಂತವು. ಗಂಡಸರು ಗುಡಿಗೆ ಹೋದರು. ರೇಡಿಯೋ ಆರಿಸುವುದು ಮಾತ್ರ ಠರಾವಿನಲ್ಲಿರಲಿಲ್ಲ.

ಹೆರಿಗೆ, ಹೆಣ ಬಿಟ್ಟರೆ ಹಗಲಲ್ಲಿ ಸುಮ್ಮನಾಗದ ಓಣಿ ಅದು. ಅವತ್ತು ಗಪ್ಪಾಯಿತು. ಗಪ್ಪಾದ ಓಣಿಯಲ್ಲಿ ಹದಿನೆಂಟು ಮನೆಯ ಹದಿನೆಂಟು ಡಬ್ಬಿಯಿಂದ ಮುದಕಪ್ಪ ಒಂದೇ ಸಲಕ್ಕೆ ಹೊರಗೆ ಬಂದ.

ಸಿದ್ದಾರೂಢನ ಮಗ್ಗದ ಮನೆಯಲ್ಲಿ ಖಾಸಿಂಸಾಬ ಕೂತಿದ್ದ. ಶನಿಯನ್ನು ಕೈಯಾರೆ ಹಿಡಿಯಬೇಕು ಅಂತ ಅವತ್ತು ಮೊದಲೇ ಬಂದಿದ್ದ. ಮುದಕಪ್ಪನ ಹೆಂಡತಿ ದೇವವ್ವನೂ ಅಲ್ಲೇ ಇದ್ದಳು. ಮಗ್ಗದಲ್ಲಿ ಮುಗಿದ ಹಾಸಿನ ಉದ್ದ ಎಳೆಗೆ ಹೊಸ ಹಾಸಿನ ಎಳೆ ಹೊಸೆದು ಕೂಡಿಸುವುದು ಅವಳ ಕೆಲಸ. ಮೊದಲೆರಡು ವಾರ ಕುರ್ತಕೋಟಿಗೆ ತವರಿಗೆ ಹೋಗಿದ್ದಳು. ಧಬ್ ಧಬ್ ಅಂದಿತು. ಖಾಸಿಂಸಾಬ ನಿಂತ ಮಗ್ಗವನ್ನು ನೋಡಿದ, ಡಬ್ಬಿಯನ್ನು ನೋಡಿದ.

ದೇವವ್ವ ಎಳೆಯಿಂದ ಕಣ್ಣು ತೆಗೆಯದೆ, "ಶನಿ ಅಲ್ರಿ ಕಾಕಾ. ನಮ್ಮನಿಯವ್ರು" ಅಂದಳು.

ಖಾಸಿಂಸಾಬ ನಗಲಿಲ್ಲ. ಕೈಯಿಂದ ಸುಮ್ಮನಿರು ಅಂತ ಮಾಡಿ, ಡಬ್ಬಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಮುಗಿಯುವವರೆಗೆ ಕೇಳಿದ. ಹತ್ತೂವರೆಗೆ ಗಂಡಸರು ಗುಡಿಯಿಂದ ಬಂದಾಗ ಶನಿ ಯಾರು ಅನ್ನುವುದು ಓಣಿಗೆಲ್ಲ ಗೊತ್ತಾಯಿತು.

ಅತ್ತ ರೇಡಿಯೋ ಆಫೀಸಿನಲ್ಲಿ ಹತ್ತೂ ಮೂವತ್ತೈದಕ್ಕೆ ಫೋನು ಹೊಡೆದುಕೊಳ್ಳಲು ಶುರುವಾಯಿತು. ಇಟ್ಟರೆ ಮತ್ತೊಂದು. ಮುದಕಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮೂವತ್ತು ವರ್ಷ ತಡವಾದರೂ ಊರಿಗೆ ಕಿವಿ ಬಂತಲ್ಲ ಅಂದುಕೊಂಡ. ಸುನಿತಾ ಫೋನನ್ನು ಅವನ ಕೈಗೆ ಕೊಟ್ಟಳು.

"ಹಲೋ, ನಾನ್ರಿ, ಮುದಕಪ್ಪ ಮಾತಾಡೋದು."

"ನೀನ ಬೇಕಾಗಿದ್ದಿ" ಅಂತ ಆ ಕಡೆ ಸಿದ್ದಾರೂಢ. "ನಾ ಎರಡು ಕೊಡ ಎಣ್ಣಿ ಸುರುವಿ ಬಂದೇನ್ಲೇ ನಿನ್ನ ಸಲುವಾಗಿ. ನಿನ್ನ ತಲಿ ಮ್ಯಾಲ ಸುರುವಿದ್ರ ಒಂದ ಕೊಡಕ್ಕ ಮುಗೀತಿತ್ತು."

ಇಂಥವು ಇಪ್ಪತ್ತೊಂಬತ್ತು ಬಂದವು.

ಸಂಜೆ ಐದಕ್ಕೆ ಅಂಗಡಿಯ ಮುಂದೆ ಓಣಿ ಕೂಡಿತು. ಒಬ್ಬರು ಮೂರು ವಾರದ ನೇಯ್ಗೆ ಹಾಳಾಯಿತು ಅಂದರು, ಅರ್ಧ ತಾಸಿನ ಲೆಕ್ಕದಲ್ಲಿ ಮೂರು ವಾರ ಹ್ಯಾಗಾಯಿತೋ. ಮುದಕಪ್ಪ ಸುಮ್ಮನಿರುವ ಜಾತಿಯಲ್ಲ.

"ನಿಮ್ಮ ಮಗ್ಗಕ್ಕೂ ನನ್ನ ಹಾಡಿಗೂ ಫರಕು ತಿಳೀಲಿಲ್ಲಂದ್ರ ತಪ್ಪು ನಂದೇನ್ಲೇ? ಮೂವತ್ತು ವರ್ಷಾತು ಬಡಕೊಳ್ಳಾಕತ್ತು, ಒಬ್ಬರ ಕುಂತು ಕೇಳಿರೇನು?"

"ಕೇಳಿದ್ದಕ್ಕ ಮಗ್ಗ ನಿಂತಾವಲೇ" ಅಂದ ಸಿದ್ದಾರೂಢ. "ನಾಳೆ ರೇಡಿಯೋಕ್ಕ ಅರ್ಜಿ ಕೊಡ್ತೀವಿ, ನಿನ್ನ ತಾಳ ಬಂದ್ ಮಾಡ್ರಿ ಅಂತ. ಓಣಿಯ ಎಲ್ಲಾರ ಸಹಿ. ಮನಿಮದ್ದು ಹಾಕ್ಲಿ, ಕಷಾಯದ ಮಾತು ಕೇಳಿ ಯಾವ ಮಗ್ಗಾನೂ ನಿಲ್ಲೂದಿಲ್ಲ."

ಮಂದಿ ಕರಗಿದ ಮೇಲೆ ಖಾಸಿಂಸಾಬ ಒಬ್ಬನೇ ಉಳಿದ. ಸೈಕಲ್ಲಿಗೆ ಆತು ನಿಂತು ಬೀಡಿ ಹಚ್ಚಿದ.

"ಮುದಕಪ್ಪ, ಒಂದ ಮಾತು. ಹದಿನಾಕನೇ ನಿಮಿಷಕ್ಕ ಒಂದು ಹಾಡು ಹೋಗಿ ಇನ್ನೊಂದು ಬರತೈತಿ ನೋಡು, ಅಲ್ಲಿ ಕೂಡಿಲ್ಲ. ಹಿಂದಿನದು ಒಂದ ಕೂದಲೆಳಿ ಮುಂದ ಐತಿ."

ಮುದಕಪ್ಪನಿಗೆ ನೆತ್ತಿಗೇರಿತು. "ಏ ಕಾಕಾ, ನೀ ಪಾನಾ ಹಿಡಿಯಾಂವ. ಇದು ಕಂಪ್ಯೂಟರ್. ಒಂದಕ್ಕೊಂದು ಅಳತಿ ತೋರಸ್ತೈತಿ ಅದು."

"ಮಗ್ಗದ ಮ್ಯಾಲೂ ಕಂಪನಿ ಅಳತಿ ಬರದಿರತಾರಪ" ಅಂದು ಖಾಸಿಂಸಾಬ ಸೈಕಲ್ ಹತ್ತಿದ.

ಅವನು ತಿರುವಿನಾಚೆ ಹೋಗುವವರೆಗೆ ಮುದಕಪ್ಪ ಬೈದ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಹದಿನಾಲ್ಕನೇ ನಿಮಿಷ ಹಚ್ಚಿದ. ಕೇಳಿದ. ಹಿಂದಕ್ಕೆ ಎಳೆದು ಮತ್ತೆ ಕೇಳಿದ. ಏಳನೇ ಸಲಕ್ಕೆ ಕಿವಿಯ ಬಟ್ಟಲು ತೆಗೆದು ಟೇಬಲ್ಲಿನ ಮೇಲಿಟ್ಟ. ಹಳೇ ಕ್ಯಾಸೆಟ್ಟಿನ ಟೇಪು ಹಿಗ್ಗಿತ್ತು, ಅಳತೆಯನ್ನು ಕಂಪ್ಯೂಟರು ತಪ್ಪು ಓದಿತ್ತು, ತಾನು ಅದನ್ನು ನಂಬಿದ್ದ. ಒಂದೇ ಕೂದಲೆಳೆ. ಮೂವತ್ತು ವರ್ಷ ಹುಡುಕಿದ ಕೇಳುಗ ಸಿಕ್ಕ, ಸಿಕ್ಕು ಮೊದಲು ಮಾಡಿದ ಕೆಲಸ ತಪ್ಪು ತೆಗೆದದ್ದು.

ಮನೆಯಲ್ಲಿ ಊಟಕ್ಕೆ ಕೂತಾಗ ದೇವವ್ವ ಕೇಳಿದಳು, "ಏನಂದ್ರು ಖಾಸಿಂ ಕಾಕಾ?"

"ಒಂದ ಕಡೆ ಕೂಡಿಲ್ಲಂತ."

"ನಾ ಇವತ್ತು ಮೂರು ಸಾವಿರ ಎಳಿ ಕೂಡಿಸೀನ್ರಿ. ಒಂದು ತಪ್ಪಿದ್ರ ಸೀರಿ ಉದ್ದಕ್ಕೂ ಗೆರಿ ಬೀಳತೈತಿ, ಮಾಲಕ ಮಾರಿ ಮ್ಯಾಲ ಒಗೀತಾನ. ನೀವು ಅರ್ಧ ತಾಸಿಗೆ ಏಳು ಹಾಡು ಕೂಡಸ್ತೀರಿ. ಅದರಾಗ ಒಂದು ತಪ್ಪಸ್ತೀರಿ. ಮ್ಯಾಲ ಊರಾಗ ಕದರಿಲ್ಲಂತ ಮೂವತ್ತು ವರ್ಷ ಮಾರಿ ಊದಿಸ್ಕೊಂಡು ಕುಂಡ್ರತೀರಿ." ಅವಳು ಇನ್ನೊಂದು ರೊಟ್ಟಿ ಹಾಕಿದಳು. "ಮಗ್ಗದ ಹೊಡೆತ ತಪ್ಪಿಸಿ ಹಾಡು ಆಯ್ಕೊಳ್ರಿ, ಅಷ್ಟ. ಅದು ಗೊತ್ತಿದ್ದಾಂವ ಒಬ್ಬನ ಅದಾನ. ಅವಂಗ ಬೈದು ಕಳಿಸೀರಿ."

ಮರುದಿನ ಮುದಕಪ್ಪ ಖಾಸಿಂಸಾಬನ ಮನೆಗೆ ಹೋದ. ಕ್ಷಮಿಸು ಅನ್ನುವ ಮಾತು ಅವನ ಬಾಯಿಗೆ ಬರುವುದಿಲ್ಲ. "ಚಾ ಕುಡಿಯಾಕ ಬರ್ರಿ ಕಾಕಾ" ಅಂದ. ಬುಧವಾರ ಮಧ್ಯಾಹ್ನ ಖಾಸಿಂಸಾಬ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಮುದಕಪ್ಪ ಒಂದೊಂದೇ ಹಾಡು ಹಚ್ಚಿದ. ಜಗತ್ತಿನ ಎಷ್ಟೋ ದೊಡ್ಡ ಶಹರದಲ್ಲಿ ಮಂದಿ ಕಣ್ಣೀರು ಹಾಕಿ ಕುಣಿದ ಹಾಡುಗಳವು.

"ಇದು?"

"ಮಗ್ಗದ ಪಟ್ಟಾ ಸಡಿಲಾಗೈತಿ. ಬ್ಯಾಡ."

"ಇದು ನೋಡ್ರಿ ಕಾಕಾ, ಇದರ ಹಂಗ ಇನ್ನೊಂದಿಲ್ಲ."

"ಕೋಲು ಮುರಿಯಾಕ ಬಂದೈತಿ. ಸಿದ್ದಾರೂಢ ಎದೆ ಒಡಕೊಂಡು ಸಾಯತಾನ."

"ಇದು?"

ಖಾಸಿಂಸಾಬ ಬಹಳ ಹೊತ್ತು ಕೇಳಿದ. "ಇದಕ್ಕ ಎಣ್ಣಿ ಬೇಕು. ಆದ್ರ ಮಗ್ಗಕ್ಕಿಂತ ಭಾಳ ನಿಧಾನ ಐತಿ, ಯಾರೂ ಮೋಸ ಹೋಗೂದಿಲ್ಲ. ಇರಲಿ." ಮತ್ತೆ ಸ್ವಲ್ಪ ಹೊತ್ತಿಗೆ, "ಇನ್ನೊಮ್ಮೆ ಹಚ್ಚು" ಅಂದ.

ನಲವತ್ತು ಹಾಡಿನಲ್ಲಿ ಆರು ಪಾಸಾದವು. ಆ ಆರನ್ನು ಮುದಕಪ್ಪ ಕಂಪ್ಯೂಟರಿನ ಅಳತೆ ಮುಚ್ಚಿಟ್ಟು ಕಿವಿಯಿಂದ ಕೂಡಿಸಿದ. ಮೂರು ದಿನ ಹಿಡಿಯಿತು. ರಿಪೇರಿಗೆ ಬಂದ ಸ್ಪೀಕರುಗಳು ಎಂದಿನಂತೆ ತಮ್ಮ ಹಣೆಬರಹ ನೋಡುತ್ತ ಕೂತವು.

ಅರ್ಜಿ ಅಷ್ಟರಲ್ಲಿ ಮುಟ್ಟಿತ್ತು. ಆದರೂ ನಾಲ್ಕನೇ ವಾರದ ಪಟ್ಟಿ ಅಚ್ಚಾಗಿತ್ತು. ಅಚ್ಚಾದದ್ದನ್ನು ಬದಲಿಸಲು ಟ್ರಸ್ಟಿನ ಮೀಟಿಂಗ್ ಆಗಬೇಕು, ಮೀಟಿಂಗ್ ಆಗಲು ಅಧ್ಯಕ್ಷರು ಊರಲ್ಲಿರಬೇಕು. ಹಿಂಗಾಗಿ ನಾಲ್ಕನೇ ಶನಿವಾರ ಹತ್ತಕ್ಕೆ ಮುದಕಪ್ಪ ಮತ್ತೆ ಶುರುವಾದ. ಖಾಸಿಂಸಾಬ ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡಿದ. ಹದಿನೆಂಟು ಮನೆಯಲ್ಲೂ ಮಗ್ಗ ಹೊಡೆಯುತ್ತಿತ್ತು. ಒಂದೂ ನಿಲ್ಲಲಿಲ್ಲ. ಸಿದ್ದಾರೂಢ ಅರ್ಧ ತಾಸು ಕಿವಿ ನಿಗುರಿಸಿಕೊಂಡೇ ಕೂತಿದ್ದ, ತಪ್ಪು ಸಿಗಲಿಲ್ಲ. ಅವನ ಹೆಬ್ಬೆರಳು ಮೊಣಕಾಲ ಮೇಲೆ ಕುಟ್ಟುತ್ತಿದ್ದುದನ್ನು ಖಾಸಿಂಸಾಬ ನೋಡಿ ಮುಂದೆ ನಡೆದ.

ರೇಡಿಯೋ ಆಫೀಸಿನಲ್ಲಿ ಹತ್ತೂವರೆ ಆಯಿತು. ಹನ್ನೊಂದಾಯಿತು. ಫೋನು ಸತ್ತಂಗೆ ಬಿದ್ದಿತ್ತು. ಉಳ್ಳಾಗಡ್ಡಿಯವನೂ ಮಾಡಲಿಲ್ಲ.

"ಸೊನ್ನಿ" ಅಂದಳು ಸುನಿತಾ.

"ಛಲೋ ಕೂಡಿಸಿದ್ದಕ್ಕ ಸೊನ್ನಿ" ಅಂದ ಮುದಕಪ್ಪ. "ಭೇಷ್."

ಅವಳು ಹಾಳೆ ಮುಂದೆ ಸರಿಸಿಕೊಂಡಳು. "ನೋಡ್ರಿ ಕಾಕಾರ. ಮೊದಲ ವಾರ ಮೂರು, ಎರಡನೇದ್ದು ಎರಡು, ಇವತ್ತು ಇಲ್ಲ. ಮೂರನೇ ವಾರ ಇಪ್ಪತ್ತೊಂಬತ್ತು. ಅವೆಲ್ಲಾ ಬೈಗುಳ. ಟ್ರಸ್ಟಿನ ಫಾರ್ಮಿನಾಗ 'ಪ್ರತಿಕ್ರಿಯೆ ಸಂಖ್ಯೆ' ಅಂತ ಅಷ್ಟ ಐತ್ರಿ, ಹೊಗಳಿದ್ದೋ ಬೈದದ್ದೋ ಅಂತ ಕಾಲಮ್ಮಿಲ್ಲ. ಅರ್ಜಿ ತಕ್ಕೊಂಡು ಸಿದ್ದಾರೂಢರಿಗೆ ಈಗ ಫೋನ್ ಮಾಡಿ ಕೇಳಿದ್ನಿ. ಇವತ್ತ ಮಗ್ಗ ನಿಂತಿಲ್ಲ, ಅರ್ಜಿ ಹರೀರಿ ಅಂದ್ರು. ಬೈಗುಳ ಲೆಕ್ಕಕ್ಕ ಹಿಡಿದ್ರ ನಿಮ್ಮ ಕಾರ್ಯಕ್ರಮ ಕಾಯಂ. ಬಿಟ್ರ ಮನಿಮದ್ದು. ನೀವ ಹೇಳ್ರಿ, ಹಿಡೀಲೋ, ಬಿಡಲೋ?"

ಮುದಕಪ್ಪ ಗೋಡೆ ನೋಡಿದ. ಹತ್ತು ವರ್ಷದ ಹಿಂದಾಗಿದ್ದರೆ ಹಾಳೆ ಹರಿದು ಅವಳ ಟೇಬಲ್ಲಿನ ಮೇಲೆಯೇ ಒಗೆದು, ನಿಮ್ಮ ಭಿಕ್ಷಾ ಬ್ಯಾಡ ಅಂತ ಚಪ್ಪಲಿ ಮೆಟ್ಟುತ್ತಿದ್ದ. ಆ ಮಾತು ಈಗಲೂ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ.

"ಹಿಡೀರಿ. ಬೈದವರು ಕೇಳ್ಯಾರ್ರಿ ಮೇಡಂ. ಹೊಗಳೂ ಮಂದಿ ಯಾವಾಗ ಕೇಳ್ಯಾರ?"

ಸುನಿತಾ ಮೂವತ್ತನಾಲ್ಕು ಅಂತ ಬರೆದು ಶಿಕ್ಕಾ ಹೊಡೆದು ಕಾಯಂ ಫಾರ್ಮು ಅವನ ಕೈಗೆ ಕೊಟ್ಟಳು. 'ಕಾರ್ಯಕ್ರಮದ ಉದ್ದೇಶ' ಅಂತ ಒಂದು ಗೆರೆ ಖಾಲಿ ಇತ್ತು. ಅದರಲ್ಲಿ ಎಲ್ಲರೂ ಜನಜಾಗೃತಿ ಅಂತ ಬರೀತಾರೆ ಅಂತ ಅವಳು ಹೇಳಿದಳು. ಮುದಕಪ್ಪ ಪೆನ್ನು ಹಿಡಿದ. ಏಳನೇ ಇಯತ್ತೆಯ ದಪ್ಪ ಅಕ್ಷರದಲ್ಲಿ, 'ಓಣಿಯ ಮಗ್ಗ ನಿಲ್ಲದಂಗ ಹಾಡು ಕೂಡಿಸುವುದು' ಅಂತ ಬರೆದು ಸಹಿ ಹಾಕಿದ.